ಹುಳಿಯಾರಿನಲ್ಲಿ ಕಾಣದ ಹದಿಮೂರನೆಯ ವಾಹಿನಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನಲ್ಲಿ, ತೆಂಗಿನ ತೋಟದ ಅಂಚಿನ ಮನೆಯೊಂದರಲ್ಲಿ ಕುಳಿತು, ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದ ಪುಟಗಳನ್ನು ಅಂತರ್ಜಾಲದಿಂದ ತರಿಸಿಕೊಂಡು ಓದುವ ಕಾರ್ಯದಲ್ಲಿ ನಾವು ತೊಡಗಿದ್ದೆವು. ನಮ್ಮ ಲ್ಯಾಪ್‌ಟಾಪು ಅಮೆರಿಕದಿಂದ ನೆಂಟರೊಬ್ಬರು ತಂದುಕೊಟ್ಟ ಹಳೆಯದು. ಅದರಲ್ಲಿರುವುದು ಲಿನಕ್ಸ್ ವ್ಯವಸ್ಥೆ. ಕೆಲವು ದಿನ ಕೆಲಸವು ನಿರಾತಂಕವಾಗಿ ಸಾಗುತ್ತಿತ್ತು. ಕೆಲವು ದಿನ, ಅದರಲ್ಲಿಯೂ ವಿದ್ಯುತ್ತು ಹೋಗಿ ಬಂದ ಮೇಲೆ, ನೆರೆಮನೆಗಳ ನಿಸ್ತಂತು ಜಾಲಗಳೆಲ್ಲ ಪಟ್ಟಿಯಲ್ಲಿ ತೋರಿ, ನಮ್ಮ ಮನೆಯದೊಂದು ಮಾತ್ರ ಕಾಣದಾಗುತ್ತಿತ್ತು.

ಈ ನಾಡಿನಲ್ಲಿ ಯಾವ ಅಡಚಣೆಗಾದರೂ ತೆಂಗನ್ನು ದೂರುವುದು ಸುಲಭ. ನೆನೆದ ಗರಿಗಳು ಈ ಅಲೆಗಳನ್ನು ಹೀರಿಕೊಳ್ಳುವುದೂ ನಿಜವೇ. ಆದರೆ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲಿದ್ದ ಮೊಬೈಲು ನಮ್ಮ ಜಾಲವನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ಆದಕಾರಣ ಮರಗಳು ನಿರ್ದೋಷಿಗಳು. ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಹಾಕಬೇಕೆಂದು ಮಿತ್ರರೊಬ್ಬರು ಸೂಚಿಸಿದರು. ಪಾಠವನ್ನು ಓದದೆಯೇ ತಿದ್ದಲು ಹೊರಡುವ ಸಂಪಾದಕರ ನೆನಪಾಗಿ, ನಾವು ಅದಕ್ಕೆ ಒಪ್ಪಲಿಲ್ಲ.

ಯಂತ್ರವನ್ನೇ ಕೇಳಿದೆವು. ‘ಐಡಬ್ಲ್ಯು ಲಿಸ್ಟ್’ ಎಂಬ ಆದೇಶಕ್ಕೆ ಅದು ಕೊಡುವ ಉತ್ತರದಲ್ಲಿ ಕಾರ್ಡು ಬಲ್ಲ ವಾಹಿನಿಗಳ, ಎಂದರೆ ಚಾನೆಲ್‌ಗಳ, ಪಟ್ಟಿ ಇರುತ್ತದೆ. ಮೊದಲನೆಯ ವಾಹಿನಿಯು 2412 ಮೆಗಾಹರ್ಟ್ಸ್. ಅಲ್ಲಿಂದ ಐದೈದರಂತೆ ಏರಿ ಹದಿಮೂರನೆಯದು 2472. ನಮ್ಮ ಪಟ್ಟಿಯಲ್ಲಿ ಹನ್ನೆರಡು ಹದಿಮೂರರ ಮುಂದೆ ‘ನಿಷ್ಕ್ರಿಯ’ವೆಂಬರ್ಥದ ಗುರುತಿತ್ತು. ‘ಐಡಬ್ಲ್ಯು ರೆಗ್ ಗೆಟ್’ ಎಂದು ಕೇಳಲು, ದೇಶ ‘ಯುಎಸ್’ ಎಂಬ ಉತ್ತರ ಬಂದಿತು. ರೌಟರಾದರೋ ತಾನೇ ವಾಹಿನಿಯನ್ನು ಆರಿಸಿಕೊಳ್ಳುವ ಬಗೆಯದು; ವಿದ್ಯುತ್ತು ಮರಳಿದಾಗಲೆಲ್ಲ ಹೊಸದಾಗಿ ಆರಿಸಿ, ಒಮ್ಮೊಮ್ಮೆ ಹದಿಮೂರರಲ್ಲಿ ನಿಲ್ಲುತ್ತಿತ್ತು. ಹುಳಿಯಾರಿನಲ್ಲಿದ್ದ ಯಂತ್ರವು ಅಮೆರಿಕದ ಕಟ್ಟಳೆಯನ್ನು ಪಾಲಿಸುತ್ತಿತ್ತು.

ಆಕಾಶಕ್ಕೆ ಕಟ್ಟಳೆ ಬಂದ ಬಗೆಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಬ್ರಿಟಿಷ್ ಇಂಡಿಯಾದಲ್ಲಿ 1933ರ ನಿಸ್ತಂತು ತಂತಿ ಕಾಯಿದೆಯು ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಅದಾಗಿ ಎರಡು ವರ್ಷಕ್ಕೆ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಸ್ವಂತ ಮನೆಯಲ್ಲಿ 30 ವಾಟ್ ಶಕ್ತಿಯ ಪ್ರೇಷಕವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರು. ಒಬ್ಬ ಅಧ್ಯಾಪಕನ ಮನೆಯಿಂದ ಕನ್ನಡದ ಮಾತು ಗಾಳಿಗೆ ಏರಿದ ಆ ಪ್ರಸಂಗವನ್ನು ಎಷ್ಟು ಸಲ ನೆನೆದರೂ ನಮಗೆ ಬೇಸರವಿಲ್ಲ. ಆ ಹೆಸರೇ ಮುಂದೆ ಅಖಿಲ ಭಾರತ ಸಂಸ್ಥೆಗೂ ಸಂದಿತು.

ನಮ್ಮ ಮನೆಗಳ ಜಾಲಗಳು ಬಳಸುವ 2450 ಮೆಗಾಹರ್ಟ್ಸ್ ಸುತ್ತಿನ ಪಟ್ಟಿಯನ್ನು 1947ರ ಅಟ್ಲಾಂಟಿಕ್ ಸಿಟಿ ಸಮ್ಮೇಳನವು ಕೈಗಾರಿಕೆ, ವಿಜ್ಞಾನ, ವೈದ್ಯಗಳಿಗೆಂದು ಗುರುತಿಸಿತು. ಅಮೆರಿಕವು 1985ರಲ್ಲಿ ಅದನ್ನು ಪರವಾನಗಿಯಿಲ್ಲದ ಸಂಪರ್ಕಕ್ಕೂ ತೆರೆಯಿತು, 1997ರಲ್ಲಿ 802.11 ಎಂಬ ಮಾನಕ ಹೊರಬಿತ್ತು. ಭಾರತದಲ್ಲಿ 2005ರ ಜನವರಿಯ ಅಧಿಸೂಚನೆಯು 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಪರವಾನಗಿಯಿಂದ ಬಿಡಿಸಿತು. ಪ್ರೇಷಕದ ಶಕ್ತಿ ಒಂದು ವಾಟನ್ನೂ, ಆಂಟೆನಾದ ಎತ್ತರ ಮಾಳಿಗೆಯ ಮೇಲೆ ಐದು ಮೀಟರನ್ನೂ ಮೀರಬಾರದೆಂಬುದು ಅದರ ನಿಬಂಧನೆ. (ಆ ಎತ್ತರಕ್ಕೆ ನಮ್ಮ ಹಳೆಯ ತೆಂಗುಗಳ ತಲೆ ಇನ್ನೂ ಮೇಲೆಯೇ ಇರುತ್ತದೆಂಬುದು ಬೇರೆ ಮಾತು.) ಹದಿಮೂರನೆಯ ವಾಹಿನಿಯು ಈ ಮೇರೆಯೊಳಗೇ ಬರುವುದರಿಂದ ಇಲ್ಲಿ ಅದು ನಿಷಿದ್ಧವಲ್ಲ. ಅಮೆರಿಕದ ಉಪಕರಣಗಳು ಸಾಮಾನ್ಯವಾಗಿ ಹನ್ನೊಂದಕ್ಕೇ ನಿಲ್ಲುತ್ತವೆ.

ಲಿನಕ್ಸಿನಲ್ಲಿ ಈ ದೇಶನಿಯಮಗಳನ್ನು ಮೊದಲು ಒಂದೊಂದು ಕಾರ್ಡಿನ ಚಾಲಕ ತಂತ್ರಾಂಶವೂ ತನ್ನ ತನ್ನ ಕೋಷ್ಟಕದಲ್ಲಿ ಹೊತ್ತಿರುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ 2.6.28ನೆಯ ಆವೃತ್ತಿಯ ಹೊತ್ತಿಗೆ ಎಲ್ಲ ದೇಶಗಳ ನಿಯಮಗಳನ್ನೂ ಒಂದೆಡೆ ಕೂಡಿಸಿಡುವ ಏರ್ಪಾಡಾಯಿತು. ಯಾರು ಬೇಕಾದರೂ ತೆರೆದು ಓದಬಹುದಾದ ಈ ಪಟ್ಟಿಯಲ್ಲಿ ಭಾರತದ ಸಂಕೇತ ‘ಐಎನ್’. ನಾವೂ ಆ ಸಂಕೇತವನ್ನು ವಿಧಿಸಿ ನೋಡಿದೆವು, ಫಲವಾಗಲಿಲ್ಲ. ತಯಾರಕನು ಕಾರ್ಡಿನ ಸ್ಮೃತಿಯಲ್ಲಿಯೇ ದೇಶವನ್ನು ಕೆತ್ತಿಟ್ಟಿದ್ದರೆ, ವ್ಯವಸ್ಥೆಯು ಆ ನಿಯಮಕ್ಕೂ ಬಳಸುವವನು ಹೇಳಿದ ನಿಯಮಕ್ಕೂ ಸಮಾನವಾದ ಭಾಗವನ್ನು ಮಾತ್ರ ಅಂಗೀಕರಿಸುತ್ತದೆ. ನಿರ್ಬಂಧವು ಹೆಚ್ಚಬಹುದೇ ಹೊರತು ಸಡಿಲವಾಗದು. ಕನ್ನಡದಲ್ಲಿ ‘ಶಾಸನ’ವೆಂಬ ಒಂದೇ ಶಬ್ದವು ಆಜ್ಞೆಯನ್ನೂ ಕೆತ್ತಿದ ಬರಹವನ್ನೂ ಹೇಳುವುದು ಇಲ್ಲಿ ಅಕ್ಷರಶಃ ಸಾರ್ಥಕವಾಗಿದೆ. ಊರಿನಿಂದೂರಿಗೆ ಸಾಗಿಸಿದ ಕಲ್ಲು ತನ್ನ ಮೂಲಸ್ಥಳದ ದತ್ತಿಯನ್ನೇ ಹೇಳುತ್ತಿರುವಂತೆ, ಈ ಕಾರ್ಡು ತಾನು ಬಿಟ್ಟುಬಂದ ದೇಶದ ಆಜ್ಞೆಯನ್ನು ಹೇಳುತ್ತಿತ್ತು. ಕೊಂಡವನ ಸ್ವತ್ತಾದ ವಸ್ತುವಿನಲ್ಲಿ ಅವನು ತಿದ್ದಲಾರದ ಪರದೇಶದ ಆಜ್ಞೆ ಉಳಿಯುವುದು ಸರಿಯೆಂದು ನಮಗೆ ತೋರುವುದಿಲ್ಲ.

ಕಲ್ಲನ್ನು ಅಳಿಸುವ ಗೋಜಿಗೆ ಹೋಗದೆ, ರೌಟರಿನ ಸ್ವಯಂ ಆಯ್ಕೆಯನ್ನು ತಪ್ಪಿಸಿ ಅದನ್ನು ಆರನೆಯ ವಾಹಿನಿಯಲ್ಲಿ ನಿಲ್ಲಿಸಿದೆವು. ಸಂಪುಟದ ಉಳಿದ ಪುಟಗಳು ಆ ಸಂಜೆಯೇ ಬಂದುವು. ಅದಾದಮೇಲೆ ವಿದ್ಯುತ್ತು ಎಷ್ಟೋ ಸಲ ಹೋಗಿ ಬಂದಿದೆ, ಜಾಲವು ಮರೆಯಾಗಿಲ್ಲ.