ಕೋಲಾರ ಚಿನ್ನದ ಗಣಿ: ವಲಸೆ ಕಾರ್ಮಿಕರ ಇತಿಹಾಸ ಮತ್ತು ಸ್ಮರಣೆ

ಕೋಲಾರ ಜಿಲ್ಲೆಯ ಕೋಲಾರ್ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್‌ನಲ್ಲಿ 1880ರಿಂದ 2001ರವರೆಗೆ ನಡೆದ ಗಣಿಗಾರಿಕೆಗೆ ದುಡಿದವರ, ಅವರಲ್ಲೂ ಮದ್ರಾಸ್ ಪ್ರಾಂತ್ಯದಿಂದ ಬಂದು ನೆಲೆಸಿದ ಕುಟುಂಬಗಳ ಚರಿತ್ರೆ ಈ ಲೇಖನದ ವಿಷಯ. ಗಣಿಯ ಬಗ್ಗೆ ಬರವಣಿಗೆಗೆ ಕೊರತೆಯಿಲ್ಲ. ಆದರೆ ಅದರಲ್ಲಿ ಹೆಚ್ಚಿನದು ಅದಿರು, ಯಂತ್ರ, ಕಂಪನಿ ಮತ್ತು ‘ಪುಟ್ಟ ಇಂಗ್ಲೆಂಡ್’ ಎನಿಸಿಕೊಂಡ ಬಂಗಲೆ, ಕ್ಲಬ್ಬುಗಳನ್ನು ಕುರಿತದ್ದು. ಕೆಳಗಿಳಿದವರ ವಿಷಯ ಬಂದಾಗ ಆಕರಗಳು ತೆಳುವಾಗುತ್ತವೆ, ಒಂದಕ್ಕೊಂದು ಹೊಂದುವುದೂ ಇಲ್ಲ.

ಕಂಪನಿಯ ಕಥೆ ಸುಪರಿಚಿತ. ಚಿನ್ನದ ಗಣಿಗಾರಿಕೆಗೆ ಅನುಮತಿ ಕೋರಿ ಮೈಕೇಲ್ ಲವೆಲ್ ಎಂಬಾತ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ್ದು 1873ರಲ್ಲಿ, ಗುತ್ತಿಗೆ ಸಿಕ್ಕಿದ್ದು 1875ರಲ್ಲಿ. ಈ ಎರಡು ವರ್ಷಗಳನ್ನು ಬೆರೆಸಿ ಬರೆದ ಪುಸ್ತಕಗಳು ಸಾಕಷ್ಟಿವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗೆ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ. ಸ್ವಾತಂತ್ರ್ಯಾನಂತರ 1956ರಲ್ಲಿ ರಾಜ್ಯ ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಯನ್ನು ವಹಿಸಿಕೊಂಡವು. 1972ರಲ್ಲಿ ಅದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು.

ಯಾರು ಬಂದರು, ಯಾರು ಇದ್ದರು

ಕೆಲಸಗಾರರೆಲ್ಲ ‘ತಮಿಳುನಾಡಿನಿಂದ ಬಂದವರು’ ಎಂಬ ಸಾಮಾನ್ಯ ಮಾತನ್ನು ಎರಡು ಕಡೆ ತಿದ್ದಬೇಕಾಗುತ್ತದೆ. ಮೊದಲನೆಯದಾಗಿ, 1802ರಲ್ಲಿ ಮೈಸೂರಿನ ಪೂರ್ವ ಗಡಿಯನ್ನು ಅಳೆಯಲು ಬಂದ ಜಾನ್ ವಾರನ್ ಮಾರಿಕುಪ್ಪಂ, ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು, ಕುಳಿ ತೋಡಿ ಚಿನ್ನ ತೆಗೆಯುವುದನ್ನು ಕಂಡಿದ್ದ. ಅಂದರೆ ಕಂಪನಿಗೆ ಮುಂಚೆಯೇ ಈ ಕಸುಬು ಬಲ್ಲವರು ಅಲ್ಲಿದ್ದರು. ಎರಡನೆಯದಾಗಿ, ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಅನೇಕರು ಸಾಗಿದ ದೂರ ಬಹಳವೇನಲ್ಲ. ಕೆಜಿಎಫ್ ಇರುವುದೇ ಗಡಿಯ ಅಂಚಿನಲ್ಲಿ. ಅಂದು ದಾಟಿದ್ದು ಮದ್ರಾಸ್ ಪ್ರಾಂತ್ಯ ಮತ್ತು ಮೈಸೂರು ಸಂಸ್ಥಾನದ ನಡುವಿನ ಗೆರೆಯನ್ನು. 1953ರಲ್ಲಿ ಆಂಧ್ರ, 1956ರಲ್ಲಿ ಭಾಷಾವಾರು ರಾಜ್ಯಗಳು ಬಂದ ಮೇಲೆ, ಮೂರು ತಲೆಮಾರಿನಿಂದ ಅಲ್ಲೇ ಹುಟ್ಟಿ ಬೆಳೆದವರೂ ‘ಹೊರಗಿನವರು’ ಎನಿಸಿಕೊಂಡರು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಣಿಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಅವರಲ್ಲಿ ದಲಿತರ ಪಾಲೇ ದೊಡ್ಡದು. ಊರಲ್ಲಿ ಜೀತ, ಬರ, ಜಾತಿಯ ಕಟ್ಟು. ಇಲ್ಲಿ ನಗದು ಕೂಲಿ. ಹಾಗೆಂದು ಗಣಿಯನ್ನು ಬಿಡುಗಡೆಯ ತಾಣವೆಂದು ವರ್ಣಿಸುವುದು ಅತಿಯಾದೀತು. ವಾಸ ತಟ್ಟಿಯ ಗುಡಿಸಲಿನ ಸಾಲುಗಳಲ್ಲಿ, ಕೆಲಸ ಮೇಸ್ತ್ರಿ, ಗುತ್ತಿಗೆದಾರರ ಕೈಕೆಳಗೆ. ಪಾಳಿ ಮುಗಿಸಿ ಮೇಲೆ ಬಂದವರ ಮೈ ತಡಕಿ ನೋಡುವ ಕಾವಲು ಬೇರೆ. ಆಳ ಮೂರು ಕಿಲೋಮೀಟರ್ ಮೀರಿದ ಚಾಂಪಿಯನ್ ರೀಫ್‌ನಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು. ಗಣಿಯವರು ಇದನ್ನು ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಸಿಡಿತದಿಂದ ಪಾರಾದವರನ್ನು ಸಿಲಿಕೋಸಿಸ್ ಕಾದಿರುತ್ತಿತ್ತು.

ತಮ್ಮ ಚರಿತ್ರೆಯನ್ನು ಬೇರೆಯವರು ಬರೆಯಲೆಂದು ಈ ಜನ ಕಾದು ಕುಳಿತವರಲ್ಲ. ಚೆನ್ನೈನ ಪಂಡಿತ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರೂರಿದವು. 1914ರಲ್ಲಿ ಅಯೋತಿ ದಾಸರು ತೀರಿಕೊಂಡ ಮೇಲೆ ಅವರ ಬರಹಗಳನ್ನು ಪುಸ್ತಕವಾಗಿ ತಂದದ್ದು ಕೆಜಿಎಫ್‌ನ ಸಿದ್ಧಾರ್ಥ ಪ್ರಕಾಶನ. ಗಣಿ ಕುರಿತ ಕನ್ನಡದ ಬರಹಗಳಲ್ಲಿ ಈ ಮುದ್ರಣ ಚಟುವಟಿಕೆಗೆ ಅದರ ತೂಕಕ್ಕೆ ತಕ್ಕ ಜಾಗ ಸಿಕ್ಕಿಲ್ಲ.

1930 ಮತ್ತು 1946

ಸಂಘ ಕಟ್ಟುವ ಹಕ್ಕಿಗೆ ಮೈಸೂರು ಸಂಸ್ಥಾನದಲ್ಲಿ ಕಾನೂನಿನ ಮನ್ನಣೆ ದೊರೆತದ್ದು 1940ರ ದಶಕದ ಆರಂಭದಲ್ಲಿ. ಹಾಗಾಗಿ ಕೆಲವು ಬರಹಗಾರರು ಕಾರ್ಮಿಕ ಚಳವಳಿಯನ್ನು ಅಲ್ಲಿಂದಲೇ ಆರಂಭಿಸುತ್ತಾರೆ. ಇದು ಸರಿಯಲ್ಲ. 1930ರಲ್ಲಿ ಕಂಪನಿ ಎಲ್ಲ ಕೆಲಸಗಾರರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಬೆರಳಚ್ಚು ಕೊಡುವುದೆಂದರೆ ಕಳ್ಳರ ಪಟ್ಟಿಗೆ ಸೇರಿದಂತೆ ಎಂಬುದು ಅವರ ಆಕ್ಷೇಪ. ನೋಂದಾಯಿತ ಸಂಘವೊಂದೂ ಇಲ್ಲದೆ ನಡೆದ ಈ ಮುಷ್ಕರಕ್ಕೆ ಆಡಳಿತ ಮಣಿಯಿತು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಚರಿತ್ರೆಯ ಮುಂಚೂಣಿಗೆ ತಂದ ಕೃತಿ. ಗಣಿಯ ಇತಿಹಾಸದಲ್ಲಿ ವಿದ್ಯುತ್ ಬಂದ ವರ್ಷಕ್ಕಿಂತ ಈ ಮುಷ್ಕರವೇ ದೊಡ್ಡ ತಿರುವು ಎನ್ನಲು ಆಧಾರವಿದೆ.

1946ರ ನವೆಂಬರ್ 4ರಂದು ಪೊಲೀಸರ ಗೋಲಿಬಾರಿಗೆ ಆರು ಕಾರ್ಮಿಕರು ಬಲಿಯಾದರು. ಕೆ. ಎಸ್. ವಾಸನ್, ವಿ. ಎಂ. ಗೋವಿಂದನ್ ಮೊದಲಾದ ಕಮ್ಯುನಿಸ್ಟ್ ಮುಂದಾಳುಗಳ ಕಾಲವದು. ಸತ್ತವರಿಗೆ ಕೆಜಿಎಫ್‌ನಲ್ಲಿ ಸ್ಮಾರಕ ಎದ್ದಿತು. ಕಾರ್ಮಿಕರ ನೆನಪು ಕಲ್ಲಿನ ರೂಪ ಪಡೆದದ್ದು ಹೀಗೆ, ಸಂಘಗಳ ಮೂಲಕ.

ಮುಚ್ಚಿದ ನಂತರ

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದೇ ವರ್ಷ ಜರ್ಮನಿಯ ಎಸ್ಸೆನ್ ನಗರದ ಝೋಲ್ಫೆರೈನ್ ಕಲ್ಲಿದ್ದಲು ಗಣಿಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಕಲ್ಲಿದ್ದಲು ತೊಳೆಯುವ ಕಟ್ಟಡದಲ್ಲಿ 2010ರಿಂದ ರೂರ್ ಮ್ಯೂಸಿಯಂ ಇದೆ. ಪೋಲೆಂಡ್ ಕಡೆಯಿಂದ ಬಂದ ವಲಸಿಗರು, ನಾಜಿಗಳು ಬಲವಂತವಾಗಿ ದುಡಿಸಿಕೊಂಡ ಸೆರೆಯಾಳುಗಳು, ಆಮೇಲೆ ಬಂದ ತುರ್ಕಿಯವರು ಎಲ್ಲರೂ ಆ ಸೀಮೆಯ ಗಣಿ ಚರಿತ್ರೆಯ ಭಾಗ. ಸತ್ತವರನ್ನು ನೆನೆಯುವ ಬಗೆಗೆ ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದ ಸ್ಮರಣೆಯಿಂದಲೂ ಕಲಿಯುವುದಿದೆ. ಆದರೆ ಆ ಹತ್ಯಾಕಾಂಡಕ್ಕೂ ಕೋಲಾರದ ಗಣಿಸಾವುಗಳಿಗೂ ಹೋಲಿಕೆ ಸಲ್ಲದು. ಒಂದು ಜನಾಂಗವನ್ನೇ ಅಳಿಸುವ ಉದ್ದೇಶ ಇಲ್ಲಿರಲಿಲ್ಲ. ಹೋಲಿಸಬಹುದಾದದ್ದು ನೆನಪಿಡುವ ಕ್ರಮವನ್ನು ಮಾತ್ರ. ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕಲೆಹಾಕುತ್ತ ಬಂದಿದೆ. ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಿಂದ, ಹತರಾದವರು ಕೊನೆಗೆ ವಾಸವಿದ್ದ ಮನೆಗಳ ಮುಂದೆ ಹಿತ್ತಾಳೆ ಹೊದಿಸಿದ ಕಲ್ಲುಗಳನ್ನು ಹುಗಿಯುತ್ತಿದ್ದಾರೆ. ಹಾಗೆ ಒಬ್ಬೊಬ್ಬರ ಹೆಸರು ಹಿಡಿದು ಹೋಗುವ ಕೆಲಸ ಕೆಜಿಎಫ್‌ನಲ್ಲಿ ಆದದ್ದು ಗೋಲಿಬಾರಿನ ಆರು ಮಂದಿಯ ಮಟ್ಟಿಗೆ. ಏರ್‌ಬ್ಲಾಸ್ಟಿಗೆ, ದೂಳಿನ ರೋಗಕ್ಕೆ ತುತ್ತಾದವರು ಬಹುಮಟ್ಟಿಗೆ ಅಂಕಿಗಳಾಗಿಯೇ ಉಳಿದರು.

ಮುಚ್ಚಿದ ಮೇಲೆ ವಲಸೆಯ ದಿಕ್ಕು ತಿರುಗಿತು. ಗಣಿ ಕಾಲೊನಿಗಳ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಇದೇ ಅವಧಿಯಲ್ಲಿ ನೆನಪಿನ ಬರಹಗಳೂ ಹೆಚ್ಚಿದವು. ಬ್ರಿಜೆಟ್ ವೈಟ್-ಕುಮಾರ್ ಅವರ ಪುಸ್ತಕ ಆಂಗ್ಲೋ-ಇಂಡಿಯನ್ ಬದುಕನ್ನು ಹೇಳಿದರೆ, ಎಸ್. ಶ್ರೀಕುಮಾರ್ ಅವರದು ಕೆಳಗಿನ ಸಾಲುಗಳತ್ತ ಹೊರಳುತ್ತದೆ.

ಸಿನಿಮಾಗಳು ಹೊಸ ಗೊಂದಲ ತಂದವು. 2018 ಮತ್ತು 2022ರ ಕನ್ನಡದ ‘ಕೆಜಿಎಫ್’ ಚಿತ್ರಗಳ ನರಾಚಿ ಕಲ್ಪಿತ ಸ್ಥಳ. ಅವುಗಳ ಕಥೆಯನ್ನು ಗಣಿಯ ಚರಿತ್ರೆಯೆಂದು ತೆಗೆದುಕೊಳ್ಳುವಂತಿಲ್ಲ. ಪಾ. ರಂಜಿತ್ ಅವರ ತಮಿಳಿನ ‘ತಂಗಲಾನ್’ (2024) ಉತ್ತರ ಆರ್ಕಾಟಿನ ದಲಿತರನ್ನು ಕಥೆಯ ನಡುವೆ ನಿಲ್ಲಿಸಿತಾದರೂ ಕಾಲವನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಒಯ್ಯಿತು. ಲವೆಲ್‌ಗೆ ಗುತ್ತಿಗೆ ಸಿಗಲು ಆಗಿನ್ನೂ ಸುಮಾರು ಕಾಲು ಶತಮಾನ ಬಾಕಿಯಿತ್ತು.