ದಂಡಿನ ರಾತ್ರಿ, ಪೇಟೆಯ ರಾತ್ರಿ

ಬೆಂಗಳೂರಿಗೆ ಬಹುಕಾಲ ಎರಡು ರಾತ್ರಿಗಳಿದ್ದವು. ಕಬ್ಬನ್ ಪಾರ್ಕಿನ ಪೂರ್ವಕ್ಕೆ 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು. ಪಶ್ಚಿಮಕ್ಕೆ ಕೆಂಪೇಗೌಡರ ಕಾಲದ ಪೇಟೆ. ಆಡಳಿತ, ಭಾಷೆ, ಊಟ ಬೇರೆ ಇದ್ದ ಹಾಗೆ ಸಂಜೆಯ ಮೇಲಿನ ಮೋಜೂ ಬೇರೆಯೇ. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ. ಎರಡೂ ಭಾಗಗಳು ಒಂದೇ ನಗರಪಾಲಿಕೆಯಡಿ ಬಂದದ್ದು 1949ರಲ್ಲಿ.

ದಂಡಿನ ರಾತ್ರಿ ಕ್ಲಬ್ಬಿನದು. ಈಗಿನ ಬೆಂಗಳೂರು ಕ್ಲಬ್ ಮತ್ತು ಬೌರಿಂಗ್ ಇನ್‌ಸ್ಟಿಟ್ಯೂಟ್ ಎರಡೂ 1868ರಲ್ಲಿ ಹುಟ್ಟಿದವು. ಬಿಲಿಯರ್ಡ್ಸ್, ಇಸ್ಪೀಟು, ಬ್ಯಾಂಡಿನ ತಾಳಕ್ಕೆ ಜೋಡಿ ಕುಣಿತ, ಸಾಲದ ಮೇಲೆ ವಿಸ್ಕಿ. ಇಲ್ಲಿ ಸೈನ್ಯಾಧಿಕಾರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದದ್ದು ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಇಂದಿಗೂ ಇದೆ. ಆ ಬಾಕಿಯಿಂದ ಕ್ಲಬ್ಬಿಗೆ ಬಂದ ಹೆಸರಿನ ಬೆಲೆ 13 ರೂಪಾಯಿಗಿಂತ ಬಹಳ ಹೆಚ್ಚು. ಅಂಥ ಕಡೆ ಭಾರತೀಯರಿಗೆ ಪ್ರವೇಶ ಸುಲಭವಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಸೆಂಚುರಿ ಕ್ಲಬ್ ಆರಂಭವಾದುದರ ಹಿನ್ನೆಲೆ ಇದು. 1936ರಲ್ಲಿ ಸೌತ್ ಪೆರೇಡಿನಲ್ಲಿ, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಪ್ಲಾಜಾ ಚಿತ್ರಮಂದಿರ ಬಂತು. ಅಲ್ಲಿಯ ಪರದೆ ಇಂಗ್ಲಿಷ್ ಚಿತ್ರಗಳಿಗೆ ಮೀಸಲಾದಂತೆಯೇ ಇತ್ತು.

ಪೇಟೆಯ ರಾತ್ರಿಗೆ ಸದಸ್ಯತ್ವದ ಚೀಟಿ ಬೇಕಿರಲಿಲ್ಲ. ಚೈತ್ರ ಪೌರ್ಣಮಿಯ ಕರಗದಂದು ಊರಿಗೆ ಊರೇ ಬೆಳಗಿನವರೆಗೆ ಎದ್ದಿರುತ್ತಿತ್ತು, ಈಗಲೂ ಎದ್ದಿರುತ್ತದೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೀದಿ ದೀಪಗಳಿಗೆ ಬಂದ ಮೇಲೆ ಉಳಿದ ರಾತ್ರಿಗಳೂ ಉದ್ದವಾದವು. ಆ ಕಾಲದ ಮನರಂಜನೆಗಳ ರಾಜ ಕಂಪನಿ ನಾಟಕ. ಊಟ ಮುಗಿಸಿ ಹೋದವರು ಮನೆಗೆ ಮರಳುವಾಗ ಕೋಳಿ ಕೂಗುವ ಹೊತ್ತಾದರೂ ಆಶ್ಚರ್ಯವಿಲ್ಲ; ಕತೆ ಉದ್ದವಿದ್ದದ್ದಕ್ಕಷ್ಟೇ ಅಲ್ಲ, ‘ಒನ್ಸ್‌ಮೋರ್’ ಎಂದು ಕೂಗಿದರೆ ನಟ ಅದೇ ಹಾಡನ್ನು ಮತ್ತೆ ಹಾಡಲೇಬೇಕಿತ್ತು, ಸತ್ತ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯಬೇಕಿತ್ತು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಸಂಗೀತ ಕಛೇರಿಗಳು ಬೇಸಗೆಯ ರಾತ್ರಿಗೆ ಇನ್ನೊಂದು ಬಗೆಯ ಜನವನ್ನು ಸೇರಿಸಿದವು.

ಅಷ್ಟರಲ್ಲಿ ಸಿನಿಮಾ ಮಾತಾಡತೊಡಗಿತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟಿನಲ್ಲಿ ತೆರೆ ಕಂಡಿತು. ಮುಂದೆ ಚಿತ್ರಮಂದಿರಗಳ ಕೇಂದ್ರ ಕೆಂಪೇಗೌಡ ರಸ್ತೆಗೆ ಸರಿಯಿತು. ಸ್ಟೇಟ್ಸ್, ಸಾಗರ್, ಗೀತಾ, ಹಿಮಾಲಯ, ಮೇನಕಾ, ತ್ರಿಭುವನ್, ಸಂತೋಷ್, ನರ್ತಕಿ, ಸಪ್ನ... ಹೀಗೆ ಒಂದರ ಪಕ್ಕ ಒಂದು. ಇಡೀ ಬಡಾವಣೆಗೆ ಜನರ ಬಾಯಲ್ಲಿ ಉಳಿದದ್ದು ಒಂದು ಚಿತ್ರಮಂದಿರದ ಹೆಸರೇ: ಮೆಜೆಸ್ಟಿಕ್. 1968ರಲ್ಲಿ ತೆರೆದ ಕಪಾಲಿ ಸಿನೆರಾಮಾ ಪರದೆಯ ಭಾರಿ ಮಂದಿರ. ಹೊಸ ಚಿತ್ರ ಬಂದರೆ ನಾಯಕನ ಕಟೌಟಿಗೆ ಹೂವಿನ ಹಾರ, ಹಾಲಿನ ಅಭಿಷೇಕ; ಗಾಂಧಿ ಕ್ಲಾಸಿನ ಕಿಟಕಿಯಲ್ಲಿ ಹೌಸ್‌ಫುಲ್ ಬೋರ್ಡು ಬಿದ್ದ ಮರುಕ್ಷಣ ಬ್ಲಾಕ್ ಟಿಕೆಟಿನ ಪಿಸುಮಾತು.

ಬೆಂಗಳೂರಿನ ಇರುಳು ಎಂದರೆ ಬಹುಮಂದಿಗೆ ಈ ಸೆಕೆಂಡ್ ಶೋ. ರೈಲು ನಿಲ್ದಾಣ ಎದುರಿಗೆ, ಬಸ್ ನಿಲ್ದಾಣ ಪಕ್ಕಕ್ಕೆ, ನಡೆದು ಹೋಗುವ ದೂರದಲ್ಲಿ ಮಿಲ್ಲುಗಳು. ಪಾಳಿ ಮುಗಿಸಿದ ಕಾರ್ಮಿಕರು, ಕೊನೆಯ ಬಸ್ಸು ತಪ್ಪಿದ ಹಳ್ಳಿಯವರು ಟಿಕೆಟ್ ಕೊಂಡು ಒಳಹೊಗುತ್ತಿದ್ದರು. ಆಟ ಬಿಟ್ಟ ಮೇಲೆ ತಳ್ಳುಗಾಡಿಯ ಇಡ್ಲಿ, ಆಮ್ಲೆಟ್. ಆಮೇಲೆ ಮೊದಲ ಬಸ್ಸಿನವರೆಗೆ ನಿಲ್ದಾಣದ ಬೆಂಚು. ನಗರದ ರಾತ್ರಿಯ ಬಗೆಗಿನ ಬರಹಗಳಲ್ಲಿ ಇವರಿಗೆ ಸಿಕ್ಕಿರುವ ಜಾಗ ಕಡಿಮೆ. ಪಬ್ಬಿಗೆ ಸಿಕ್ಕಿರುವುದು ಅಗತ್ಯಕ್ಕಿಂತ ಹೆಚ್ಚು.

ಪಬ್ಬಿನ ಕತೆ 1980ರ ದಶಕದ ನಡುವೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಇದ್ದವು ಮಂಕು ದೀಪದ ಬಾರುಗಳು, ಕೆಲವು ಕ್ಯಾಬರೆ ರೆಸ್ಟೋರೆಂಟುಗಳು. ಎರಡೂ ಗಂಡಸರ ಲೋಕ. 1986ರ ಸುಮಾರಿಗೆ ಚರ್ಚ್ ಸ್ಟ್ರೀಟಿನ ಸುತ್ತ ಡ್ರಾಫ್ಟ್ ಬಿಯರಿನ ನಲ್ಲಿಗಳು ಬಂದವು. ಬೆಂಗಳೂರಿನಲ್ಲೇ ಬೇರು ಬಿಟ್ಟಿದ್ದ ಯುನೈಟೆಡ್ ಬ್ರೂವರೀಸ್ ಕಂಪನಿಗೆ ಇದು ಲಾಭದ ದಾರಿಯೂ ಆಗಿತ್ತು. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯ ಪೆಕೋಸ್, ಮುಂದೆ ಬಾಹ್ಯಾಕಾಶ ನೌಕೆಯಂತೆ ಸಿಂಗರಿಸಿದ ‘ನಾಸಾ’ ಹೆಸರಾದವು. ರಾಕ್ ಸಂಗೀತ, ಮಗ್ಗಿನ ಲೆಕ್ಕದಲ್ಲಿ ಬಿಯರು. ಹೆಣ್ಣುಮಕ್ಕಳು ಗೆಳೆಯರೊಡನೆ ಬಂದು ಕೂರಬಹುದಾದ ಜಾಗವಾದದ್ದೇ ಪಬ್ಬು ತಂದ ದೊಡ್ಡ ಬದಲಾವಣೆ. ಮಾಹಿತಿ ತಂತ್ರಜ್ಞಾನದ ಸಂಬಳ ಬಂದ ಮೇಲೆ ಈ ರಾತ್ರಿ ಇಂದಿರಾನಗರ, ಕೋರಮಂಗಲಕ್ಕೆ ಹಬ್ಬಿತು. 2010ರ ನಂತರ ಅಲ್ಲೇ ಬಿಯರು ತಯಾರಿಸುವ ಮೈಕ್ರೊಬ್ರೂವರಿಗಳು ಬಂದವು.

ಇದೇ ಅವಧಿಯಲ್ಲಿ ಮೆಜೆಸ್ಟಿಕ್ ಸೊರಗಿತು. 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಬಂತು. ಕಪಾಲಿ 2017ರಲ್ಲಿ ನೆಲಸಮವಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು. ಪ್ಲಾಜಾ ಇದ್ದಲ್ಲಿ ಮೆಟ್ರೊ ನಿಲ್ದಾಣ ನಿಂತಿದೆ. ನಾಟಕಕ್ಕೆ ಮಾತ್ರ ಒಳ್ಳೆಯ ಮನೆಗಳು ಸಿಕ್ಕವು: 1963ರಲ್ಲಿ ರವೀಂದ್ರ ಕಲಾಕ್ಷೇತ್ರ, 2004ರಲ್ಲಿ ಜೆ.ಪಿ. ನಗರದ ರಂಗಶಂಕರ. ತಡವಾಗಿ ಬಂದವರನ್ನು ರಂಗಶಂಕರ ಒಳಗೆ ಬಿಡುವುದಿಲ್ಲ. ರಾತ್ರಿಯಿಡೀ ನಾಟಕ ನೋಡಿದ ಊರಿಗೆ ಇದು ಹೊಸ ಶಿಸ್ತು.

ದಂಡು, ಪೇಟೆ ಎರಡನ್ನೂ ಕೊನೆಗೆ ಒಂದು ಮಾಡಿದ್ದು ಪೊಲೀಸರ ಗಡಿಯಾರ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿ ಹಿಡಿಯಿತು. 2008ರ ಹೊತ್ತಿಗೆ ರಾತ್ರಿ 11.30ಕ್ಕೆ ಬಾಗಿಲು ಮುಚ್ಚುವ ಗಡುವು ಬಿಗಿಯಾಗಿ, ಪಬ್ಬುಗಳಲ್ಲಿ ಕುಣಿತಕ್ಕೂ ತಡೆ ಬಿತ್ತು. ಗಡುವು 2014ರಲ್ಲಿ ವಾರಾಂತ್ಯಕ್ಕೆ, 2016ರಲ್ಲಿ ಎಲ್ಲ ದಿನಗಳಿಗೂ ಒಂದು ಗಂಟೆಗೆ ಏರಿತು. 2024ರಲ್ಲಿ ಪಾಲಿಕೆಯ ಇಡೀ ವ್ಯಾಪ್ತಿಗೆ ಒಂದು ಗಂಟೆಯೆಂದು ಸರ್ಕಾರ ಮತ್ತೆ ಆದೇಶಿಸಿತು. ಮಾಮೂಲಿ ದಿನಗಳಲ್ಲಿ ಮೆಜೆಸ್ಟಿಕ್ಕಿನಿಂದ ಕೊನೆಯ ಮೆಟ್ರೊ ಮಾತ್ರ ಈಗಲೂ ಮಧ್ಯರಾತ್ರಿಗೆ ಮುಂಚೆಯೇ ಹೊರಡುತ್ತದೆ.