ಪುಟ್ಟ ಡಬ್ಬಿಗೂ ಒಂದು ಗವಾಕ್ಷಿ ಬೇಕು

2019ರ ಆಗಸ್ಟ್ ಮಳೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದ ದಿನಗಳು ಅವು. ಸುದ್ದಿ, ಫೋಟೊ ಕಳಿಸಲು ನಾವು ಬಾಡಿಗೆ ಕೋಣೆಯಲ್ಲಿ ಕೂತಿದ್ದೆವು. ಇನ್ವರ್ಟರ್ ಇತ್ತು, ನೆಟ್‌ವರ್ಕ್ ಅಷ್ಟಿಷ್ಟು ಬರುತ್ತಿತ್ತು. ಆದರೆ ಕಂಪ್ಯೂಟರ್ ಮಾತ್ರ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆಫ್ ಆಗುತ್ತಿತ್ತು. ನಾಲ್ಕು ಫೋಟೊ ಹೋಗುವಷ್ಟರಲ್ಲಿ ಪತ್ರಿಕೆಯ ಪುಟ ಮುಗಿದಿತ್ತು. ಆ ಜನರ ಕಷ್ಟ ಮರುದಿನದ ಪೇಪರಿನಲ್ಲಿ ಬರಲೇ ಇಲ್ಲ.

ವೈರಸ್ ಎಂದೆವು, ಕರೆಂಟಿನ ದೋಷ ಎಂದೆವು. ಮಳೆ ಬಿಟ್ಟ ಮೇಲೆ ಬಿಚ್ಚಿ ನೋಡಿದರೆ ತಪ್ಪು ನಮ್ಮದೇ. ಅದು ಊಟದ ಡಬ್ಬಿಯಷ್ಟೇ ದೊಡ್ಡದಾದ ಪುಟ್ಟ ಕಂಪ್ಯೂಟರ್. ಥಂಡಿಗೆ, ಇಲಿಗೆ ಹೆದರಿ ನಾವೇ ಅದನ್ನು ಮರದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದೆವು. ಗಾಳಿ ಎಳೆಯುವ ತೂತುಗಳ ತುಂಬ ಕಾಫಿ ಕಣದ ದೂಳು ಮೆತ್ತಿತ್ತು. ಹೊರಗೆ ನಾವು ಚಳಿಗೆ ಕಂಬಳಿ ಹೊದ್ದು ಕೂತಿದ್ದರೆ ಒಳಗೆ ಯಂತ್ರ ಸೆಕೆಗೆ ಕಂಗೆಟ್ಟಿತ್ತು.

ಇಂಥ ತಪ್ಪು ಮಾಡಿದವರಲ್ಲಿ ನಾವೇ ಮೊದಲಿಗರೇ ಎಂದು ಓದುತ್ತ ಹೋದೆವು. ಅಲ್ಲವೇ ಅಲ್ಲ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೂ ಇದೇ ತಪ್ಪು ಮಾಡಿವೆ.

ಬಚ್ಚಲೊಲೆಯ ಪಾಠ

ಕಂಪ್ಯೂಟರ್ ಎಳೆದುಕೊಳ್ಳುವ ಕರೆಂಟು ಹೆಚ್ಚೂಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. 60 ವ್ಯಾಟ್ ಬಳಸುವ ಕಂಪ್ಯೂಟರ್ ಎಂದರೆ, ಬಿಸಿಯ ಲೆಕ್ಕದಲ್ಲಿ, ಹಳೆಯ ಕಾಲದ 60 ವ್ಯಾಟ್ ಬಲ್ಬ್ ಇದ್ದಂತೆ. ಆ ಬಲ್ಬನ್ನು ಟ್ರಂಕಿನೊಳಗೆ ಉರಿಸಿಟ್ಟು ಮುಚ್ಚಳ ಹಾಕಿದರೆ ಏನಾಗುತ್ತದೆ, ಯೋಚಿಸಿ.

ಫ್ಯಾನ್ ತಂಪು ಮಾಡುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಫ್ಯಾನಿಗೆ ತಂಪು ಹುಟ್ಟಿಸಲು ಬರುವುದಿಲ್ಲ. ಬಿಸಿ ಗಾಳಿಯನ್ನು ಹೊರಗೆ ದೂಡಿ ಕೋಣೆಯ ಗಾಳಿಯನ್ನು ಒಳಗೆ ತರುವುದಷ್ಟೇ ಅದರ ಕೆಲಸ. ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ದಾರಿ ಬೇಕು. ಬಚ್ಚಲೊಲೆಗೆ ಬೆಂಕಿ ಹಾಕುವ ಯಾರಿಗಾದರೂ ಇದು ಗೊತ್ತು: ಒಲೆಯ ಬಾಯಿ ಮುಚ್ಚಿದರೂ ಕಷ್ಟ, ಹೊಗೆಗೂಡು ಮುಚ್ಚಿದರೂ ಕಷ್ಟ.

ಡಬ್ಬಿ ಚಿಕ್ಕದಾದಷ್ಟೂ ಈ ದಾರಿ ಕಿರಿದು. ಸಣ್ಣ ಫ್ಯಾನ್ ದೊಡ್ಡ ಫ್ಯಾನಿನಷ್ಟೇ ಗಾಳಿ ದೂಡಬೇಕಾದರೆ ಬಹಳ ಜೋರಾಗಿ ತಿರುಗಬೇಕು. ಪುಟ್ಟ ಕಂಪ್ಯೂಟರುಗಳು ಒಮ್ಮೊಮ್ಮೆ ಜೀರುಂಡೆಯಂತೆ ಕಿರುಗುಟ್ಟುವುದು ಅದಕ್ಕೇ.

ದೊಡ್ಡವರು ಮಾಡಿದ ತಪ್ಪು

1980ರಲ್ಲಿ ಅಮೆರಿಕದ ಆಪಲ್ ಕಂಪನಿ ಆಪಲ್ 3 ಎಂಬ ಕಂಪ್ಯೂಟರ್ ತಂದಿತು. ಸದ್ದು ಬೇಡ ಎಂದು ಸ್ಟೀವ್ ಜಾಬ್ಸ್ ಫ್ಯಾನ್ ಇಡಲು ಒಪ್ಪಲಿಲ್ಲ. ಯಂತ್ರಗಳು ಸಾಲುಸಾಲಾಗಿ ಕೆಟ್ಟವು. ಒಳಗಿನ ಚಿಪ್ಪುಗಳು ಸಡಿಲಾದರೆ, ಕಂಪ್ಯೂಟರನ್ನು ಕೆಲವು ಇಂಚು ಎತ್ತಿ ಮೇಜಿನ ಮೇಲೆ ಬಿಡಿ ಎಂದು ಗ್ರಾಹಕರಿಗೆ ಹೇಳುವ ಸ್ಥಿತಿ ಬಂತು. 1984ರ ಮ್ಯಾಕಿಂಟಾಷ್‌ಗೂ ಫ್ಯಾನ್ ಇರಲಿಲ್ಲ. 1987ರ ಮ್ಯಾಕಿಂಟಾಷ್ ಎಸ್‌ಇ ಹೊತ್ತಿಗೆ ಫ್ಯಾನ್ ಇಡಲೇಬೇಕಾಯಿತು.

ಆಮೇಲೆ ಪ್ರೊಸೆಸರುಗಳ ಬಿಸಿ ಏರುತ್ತಲೇ ಹೋಯಿತು. 2004ರ ವೇಳೆಗೆ ಇಂಟೆಲ್‌ನ ಪೆಂಟಿಯಂ 4ರ ಕೆಲವು ಮಾದರಿಗಳು, ಒಂದು ಚಿಪ್ ಮಾತ್ರವೇ, 100 ವ್ಯಾಟ್ ದಾಟಿದವು. ಇತ್ತ ಡಬ್ಬಿಗಳು ಕುಗ್ಗುತ್ತಿದ್ದವು. 2001ರಲ್ಲಿ ತೈವಾನಿನ ವಯಾ ಕಂಪನಿ ಕೇವಲ 17 ಸೆಂ.ಮೀ. ಚೌಕದ ಮಿನಿ ಐಟಿಎಕ್ಸ್ ಬೋರ್ಡ್ ತಂದಿತು. ಕಡಿಮೆ ಕರೆಂಟಿನ ಚಿಪ್ ಹಾಕಿದ್ದರಿಂದ ಇದರ ಕೆಲವು ಮಾದರಿಗಳು ಫ್ಯಾನ್ ಇಲ್ಲದೆಯೇ ನಡೆದವು.

ತೈವಾನಿನದೇ ಆದ ಶಟಲ್ ಕಂಪನಿ ಬೇರೆ ದಾರಿ ಹಿಡಿಯಿತು. ಶೂ ಪೆಟ್ಟಿಗೆಯಂಥ ಡಬ್ಬಿಗಳಲ್ಲಿ ತಾಮ್ರದ ಕೊಳವೆ ಬಳಸಿತು. ಕೊಳವೆಯೊಳಗಿನ ಚೂರು ದ್ರವ ಚಿಪ್ಪಿನ ಬಳಿ ಆವಿಯಾಗಿ, ಡಬ್ಬಿಯ ಹಿಂದಿನ ಫ್ಯಾನಿನ ಬಳಿ ಮತ್ತೆ ನೀರಾಗಿ ವಾಪಸು ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆವಿ ತಣಿದು ಹನಿ ಇಳಿಯುವ ಹಾಗೆಯೇ.

2013ರಲ್ಲಿ ಆಪಲ್ ಮತ್ತೆ ಎಡವಿತು. ಸಿಲಿಂಡರ್ ಆಕಾರದ ಕಪ್ಪು ಮ್ಯಾಕ್ ಪ್ರೊ ತಂದು, ಎಲ್ಲ ಬಿಸಿಯನ್ನೂ ನಡುವಿನ ಒಂದೇ ಚಿಮಣಿ, ಒಂದೇ ಫ್ಯಾನಿಗೆ ಒಪ್ಪಿಸಿತು. ಹೆಚ್ಚು ಶಕ್ತಿಯ ಚಿಪ್ ಬಂದಾಗ ಅದರಲ್ಲಿ ಕೂರಿಸಲಾಗಲಿಲ್ಲ. ಬಿಸಿಯ ವಿಷಯದಲ್ಲಿ ಮೂಲೆಗೆ ಸಿಕ್ಕಿಬಿದ್ದೆವೆಂದು 2017ರಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಪಹಣಿ ಮತ್ತು ಸಿಂಪ್ಯೂಟರ್

ಈ ಕಥೆ ನಮ್ಮ ರಾಜ್ಯಕ್ಕೆ ಯಾವಾಗ ತಾಗಿತು? ಹಳ್ಳಿಯ ಮಟ್ಟಿಗೆ ಭೂಮಿ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಕರ್ನಾಟಕದ 177 ತಾಲ್ಲೂಕು ಕೇಂದ್ರಗಳಿಗೆ ಕಂಪ್ಯೂಟರ್ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಅದರೊಳಗೆ ಸೇರಿದವು. 15 ರೂಪಾಯಿ ಕೊಟ್ಟರೆ ಪ್ರಿಂಟು ಸಿಗುತ್ತಿತ್ತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಎಂದರೆ ರೈತನ ಹೊಲಗದ್ದೆಯ ದಾಖಲೆ ಈಗ ಡಬ್ಬಿಯೊಳಗೆ. ಆಗ ಕಳಸವೂ ಮೂಡಿಗೆರೆ ತಾಲ್ಲೂಕಿಗೇ ಸೇರಿತ್ತು. ಕಳಸದಿಂದ ಘಟ್ಟದ ತಿರುವುಗಳಲ್ಲಿ ಬಸ್ಸಿಗೆ ಬಂದವನಿಗೆ ಯಂತ್ರ ನಡೆಯುತ್ತಿಲ್ಲ ಎಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋದಂತೆ. ಆ ಕಾಲದ ಡೆಸ್ಕ್‌ಟಾಪುಗಳೋ, ತಂಪು ಕೋಣೆಯ ಆಫೀಸುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕೆಲವರು ಬೇರೆ ರೀತಿ ಯೋಚಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ತೋರಿಸಿದರು. ಅದರ ಸ್ಟ್ರಾಂಗ್‌ಆರ್ಮ್ ಚಿಪ್ ತಿನ್ನುತ್ತಿದ್ದದ್ದು ಅರ್ಧ ವ್ಯಾಟ್‌ಗಿಂತ ಕಡಿಮೆ. ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಕನ್ನಡ ಓದಿ ಹೇಳುತ್ತಿತ್ತು. ಫ್ಯಾನ್ ಇರಲಿಲ್ಲ, ಬೇಕಾಗಿರಲೂ ಇಲ್ಲ. ಬಿಸಿಯನ್ನು ಹೊರಗೆ ಹಾಕುವುದು ಹೇಗೆ ಎನ್ನುವ ಬದಲು, ಬಿಸಿಯೇ ಹುಟ್ಟದಂತೆ ಮಾಡುವುದು ಹೇಗೆ ಎಂದು ಕೇಳಿದ್ದರು.

2004ರಲ್ಲಿ ಬೆಂಗಳೂರಿನ ಬಿಇಎಲ್ ಅಮಿದ ಸಿಂಪ್ಯೂಟರ್ ತಯಾರಿಸಿತು. ಭೂ ದಾಖಲೆ ಕೆಲಸದಲ್ಲಿ ನಮ್ಮ ಸರ್ಕಾರವೂ ಸಿಂಪ್ಯೂಟರ್ ಬಳಸಿತು. ಆದರೆ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಯಂತ್ರ ಮರೆಯಾದರೂ ಅದರ ಯೋಚನೆ ನಿಂತಿತು. ನೀವು ಈಗ ಇದನ್ನು ಓದುತ್ತಿರುವ ಫೋನು ಅದೇ ಜಾತಿಯದು: ಫ್ಯಾನಿಲ್ಲ, ತೂತಿಲ್ಲ, ಬಿಸಿಯೆಲ್ಲ ಮೈಮೂಲಕವೇ ಹೊರಗೆ. ಹಾಗಾಗಿ ದಿಂಬಿನಡಿ ಇಟ್ಟು ಚಾರ್ಜ್ ಮಾಡಬೇಡಿ.

ಮಲೆನಾಡಿನ ಲೆಕ್ಕ ಬೇರೆ

ಕಲಬುರಗಿಯಲ್ಲಿ ಬೇಸಿಗೆಗೆ ಕೋಣೆಯೇ 40 ಡಿಗ್ರಿ ಇರುತ್ತದೆ. ಕೋಣೆಯ ಗಾಳಿಗಿಂತ ತಂಪಾಗಿ ಯಾವ ಫ್ಯಾನೂ ಕಂಪ್ಯೂಟರನ್ನು ಇಡಲಾರದು. ಆ ಲೆಕ್ಕದಲ್ಲಿ ನಾವು ಪುಣ್ಯವಂತರು. ನಮ್ಮ ತೊಂದರೆ ಥಂಡಿ.

ಥಂಡಿಗೆ ಹೆದರಿ ಮುಚ್ಚಿಡುವುದರಿಂದ ಲಾಭವಿಲ್ಲ. ನೀರ ಹನಿ ಕೂರುವುದು ತಣ್ಣಗಿನ ವಸ್ತುವಿನ ಮೇಲೆ. ನಡೆಯುತ್ತಿರುವ ಕಂಪ್ಯೂಟರ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ, ವಾರಗಟ್ಟಲೆ ಆಫ್ ಆಗಿ ಕೂತದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಒಂದಷ್ಟು ಹೊತ್ತು ಚಾಲೂ ಮಾಡಿ. ಮಿಂಚಿನ ಹೊತ್ತಿನಲ್ಲಿ ಬೇಡ.

ಕಾಫಿ ಚೀಲವನ್ನು ನಾವು ನೆಲಕ್ಕೆ, ಗೋಡೆಗೆ ತಾಗಿಸುವುದಿಲ್ಲ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ದೂರ ಇಡುತ್ತೇವೆ. ಪುಟ್ಟ ಕಂಪ್ಯೂಟರಿಗೂ ಅಷ್ಟೇ ಸಾಕು: ಸುತ್ತ ನಾಲ್ಕು ಬೆರಳು ಜಾಗ, ತೂತುಗಳಿಗೆ ಏನೂ ಅಡ್ಡವಿಲ್ಲದಿರುವುದು. ವರ್ಷಕ್ಕೆ ಎರಡು ಸಲ, ಕಣದ ಕೆಲಸ ಮುಗಿದ ಮೇಲೊಮ್ಮೆ, ಮಳೆ ಹಿಡಿಯುವ ಮುಂಚೆ ಇನ್ನೊಮ್ಮೆ, ಪ್ಲಗ್ ತೆಗೆದು ಒಣ ಬ್ರಷ್ಷಿನಿಂದ ದೂಳು ಬಿಡಿಸಿ. ಆಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ.

ಈಗ ಊರೂರಲ್ಲಿ ಗ್ರಾಮ ಒನ್ ಕೇಂದ್ರಗಳಿವೆ. ಪಿಂಚಣಿ, ಜಾತಿ ಪತ್ರ, ಪಹಣಿ ಎಲ್ಲವೂ ಇಂಥ ಒಂದು ಡಬ್ಬಿಯನ್ನೇ ನಂಬಿವೆ. ಮುಂದಿನ ಸಲ ಸರತಿಯಲ್ಲಿ ನಿಂತಾಗ ಆ ಡಬ್ಬಿ ಎಲ್ಲಿದೆ, ಅದರ ಮೇಲೆ ಫೈಲು ಪೇರಿಸಿದ್ದಾರೆಯೇ ಎಂದು ನೋಡಿ. ಪೇರಿಸಿದ್ದರೆ ಎತ್ತಿಡಲು ಹೇಳಿ. ನಮ್ಮ ಕಂಪ್ಯೂಟರನ್ನು ಕಪಾಟಿನಿಂದ ಈಚೆ ತಂದು ಗೋಡೆಯ ಹಲಗೆಯ ಮೇಲೆ ಇಟ್ಟಿದ್ದೇವೆ. ಈಚಿನ ಮಳೆಗಾಲಗಳಲ್ಲಿ ಅದು ಸುದ್ದಿ ತಪ್ಪಿಸಿಲ್ಲ.